ಚಿವುಟೋರೂ ಅವರೇ, ತೊಟ್ಟಿಲು ತೂಗೋರೂ ಅವರೇ

ಕಳೆದ ತಿಂಗಳು ನಮ್ಮ ಕಂಪನಿಯಲ್ಲಿ ಒಂದು ವೆಬಿನಾರ್ ಇತ್ತು. ವಿಷಯ: ಚೆನ್ನಾಗಿ ನಿದ್ದೆ ಮಾಡುವುದು ಹೇಗೆ. ಸಮಯ: ರಾತ್ರಿ 9ರಿಂದ 10. ಅಮೆರಿಕದ ಟೀಮಿನವರೂ ಸೇರಲಿ ಅಂತ ಆ ಟೈಮ್ ಇಟ್ಟಿದ್ದಂತೆ. ಜೋಕ್ ಅಲ್ಲ ಸ್ವಾಮಿ, ಕ್ಯಾಲೆಂಡರ್ ಇನ್ವೈಟ್ ಇನ್ನೂ ನನ್ನ ಹತ್ರ ಇದೆ.

ಹೇಳಿಕೊಡೋಕೆ ಬಂದಿದ್ದವರು ಒಳ್ಳೆಯ ಮನುಷ್ಯರೇ. ಮಲಗುವ ಒಂದು ಗಂಟೆ ಮುಂಚೆ ಪರದೆ ನೋಡಬೇಡಿ ಅಂದರು. ಆಗ ನಾವು ನಾನೂರು ಜನ ಪರದೆ ನೋಡ್ತಾ ಕೂತಿದ್ವಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ, ಕೋಣೆ ಕತ್ತಲಿರಲಿ, ಮಲಗೋ ಮುಂಚೆ ಅವತ್ತು ಖುಷಿ ಕೊಟ್ಟ ಮೂರು ಸಂಗತಿ ಬರೆದಿಡಿ ಅಂದರು. ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಯಾರೋ ಚಾಟ್‌ನಲ್ಲಿ ಹಾಕಿದ್ರು: "ಆನ್‌ಕಾಲ್ ಇರೋರು ಏನು ಮಾಡಬೇಕು?" ಎಚ್‌ಆರ್‌ನವರು ತಕ್ಷಣ ಉತ್ತರಿಸಿದ್ರು: "ತುಂಬಾ ಒಳ್ಳೆ ಪ್ರಶ್ನೆ, ಆಫ್‌ಲೈನ್ ಮಾತಾಡೋಣ." ಆಫ್‌ಲೈನ್ ಯಾರೂ ಮಾತಾಡಲಿಲ್ಲ.

ಮಗು ಚಿವುಟಿ ತೊಟ್ಟಿಲು ತೂಗೋದು ಅಂತ ನಮ್ಮಮ್ಮ ಹೇಳ್ತಿದ್ದ ಮಾತು ನೆನಪಾಯಿತು. ಈ ಲೇಖನ ಅಷ್ಟರ ಬಗ್ಗೆಯೇ. ನಿದ್ದೆ ಬರಲ್ಲ ಅನ್ನೋದು ನಿಮ್ಮ ಶಿಸ್ತಿನ ಕೊರತೆ, ನಿಮ್ಮ ಮನಸ್ಸಿನ ದೌರ್ಬಲ್ಯ, ನೀವು ಫೋನ್ ಬಿಟ್ಟರೆ ಸರಿಹೋಗುತ್ತೆ ಅಂತ ಹೇಳೋರ ಮೇಲೆ ನನಗೆ ಸಿಟ್ಟಿದೆ. ಯಾಕೆ ಅಂತ ಹೇಳ್ತೀನಿ.

ಮೊದಲು ನನ್ನ ಕಥೆ. ಮೂರು ವರ್ಷದ ಹಿಂದೆ ಟೀಮ್ ಬದಲಾಯಿಸಿದೆ. ಹೊಸ ಟೀಮಿನ ಅರ್ಧ ಜನ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹದಿಮೂರೂವರೆ. ದಿನಾ ರಾತ್ರಿ 10ಕ್ಕೆ ಸ್ಟ್ಯಾಂಡಪ್, ಅವರಿಗೆ ಬೆಳಿಗ್ಗೆ ಒಂಬತ್ತೂವರೆ. ನವೆಂಬರ್ ಮೊದಲ ಭಾನುವಾರ ಅವರು ತಮ್ಮ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಮಾರನೇ ದಿನದಿಂದ ನಮ್ಮ ಮೀಟಿಂಗ್ ರಾತ್ರಿ 11ಕ್ಕೆ. ಇಲ್ಲಿ ಸೂರ್ಯ ಇದ್ದಲ್ಲೇ ಇದ್ದಾನೆ, ಗಡಿಯಾರವೂ ಇದ್ದಲ್ಲೇ ಇದೆ, ಊಟದ ಹೊತ್ತು, ಮಗಳನ್ನ ಮಲಗಿಸೋ ಹೊತ್ತು ಮಾತ್ರ ಅಲ್ಲಿನ ಕಾನೂನಿನ ಪ್ರಕಾರ ಜರುಗುತ್ತೆ. ಇದನ್ನ ಒಮ್ಮೆಯೂ ಯಾರೂ ವಿಚಿತ್ರ ಅಂದುಕೊಳ್ಳಲಿಲ್ಲ. ನಾನೂ ಅಂದುಕೊಳ್ಳಲಿಲ್ಲ.

ಅದರ ಮೇಲೆ ನಾಲ್ಕು ವಾರಕ್ಕೊಂದು ವಾರ ಆನ್‌ಕಾಲ್. ಗೊತ್ತಿಲ್ಲದವರಿಗೆ: ಆ ವಾರ ಸರ್ವರ್‌ಗಳಲ್ಲಿ ಏನೇ ಎಡವಟ್ಟಾದರೂ ನಿಮ್ಮ ಫೋನ್ ಕಿರುಚುತ್ತೆ. ಹದಿನೈದು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಇರಬೇಕು. ನನ್ನ ಪಾಲಿಗೆ ಬಹಳ ಸಲ ಅದು ಬೆಳಗಿನ ಜಾವ 2:40ರ ಸುಮಾರಿಗೆ ಕಿರುಚುತ್ತಿತ್ತು, ಆ ಹೊತ್ತಲ್ಲಿ ಒಂದು ದೊಡ್ಡ ಬ್ಯಾಚ್ ಜಾಬ್ ಓಡ್ತಿತ್ತು. ಎರಡು ನಿಮಿಷದ ಕೆಲಸ. ಆಮೇಲೆ ಎರಡು ಗಂಟೆ ಫ್ಯಾನ್ ನೋಡ್ತಾ ಮಲಗೋದು.

ನಾಲ್ಕೈದು ತಿಂಗಳಾದ ಮೇಲೆ ಒಂದು ವಿಚಿತ್ರ ಶುರುವಾಯಿತು. ಆನ್‌ಕಾಲ್ ಇಲ್ಲದ ವಾರವೂ 2:40ಕ್ಕೆ ಎಚ್ಚರ. ಫೋನ್ ಪಕ್ಕದ ರೂಮಿನಲ್ಲಿಟ್ಟರೂ ಎಚ್ಚರ. ಊರಿಗೆ ಹೋದರೂ ಎಚ್ಚರ. ಎದೆ ಡಬಡಬ ಅಂತಿರೋದು, ಕೈ ತಾನಾಗೇ ದಿಂಬಿನ ಕೆಳಗೆ ಹೋಗೋದು. ಆಮೇಲೆ ಹಾಸಿಗೆ ಕಂಡರೇ ಭಯ. ಸೋಫಾ ಮೇಲೆ ಟಿವಿ ನೋಡ್ತಾ ತೂಕಡಿಸುವವನು, ಎದ್ದು ಹಾಸಿಗೆಗೆ ಹೋಗಿ ಬಿದ್ದ ತಕ್ಷಣ ಕಣ್ಣು ಬಿಟ್ಟುಕೊಂಡು ಕೂರ್ತಿದ್ದೆ. "ಇವತ್ತಾದರೂ ಬರುತ್ತಾ?" ಅನ್ನೋ ಪ್ರಶ್ನೆ ಬಂತು ಅಂದ್ರೆ ಮುಗೀತು, ಅವತ್ತು ಬರಲ್ಲ.

ಎಂಜಿನಿಯರ್ ಬುದ್ಧಿ. ಸಮಸ್ಯೆ ಇದೆ ಅಂದ್ರೆ ಅಳೆಯೋಣ ಅಂತ ನಿದ್ದೆ ಅಳೆಯೋ ವಾಚ್ ತಗೊಂಡೆ. ಬೆಳಿಗ್ಗೆ ಎದ್ದು ಹೇಗಿದೆ ಮೈ ಅಂತ ನೋಡಿಕೊಳ್ಳೋ ಬದಲು ಸ್ಕೋರ್ ನೋಡೋಕೆ ಶುರು ಮಾಡಿದೆ. 54 ಬಂದ್ರೆ ದಿನವೆಲ್ಲ ಸುಸ್ತು. ಒಂದು ದಿನ ಲವಲವಿಕೆಯಿಂದಲೇ ಎದ್ದಿದ್ದೆ, ಸ್ಕೋರ್ 49 ಅಂತ ನೋಡಿದ ಮೇಲೆ ಸುಸ್ತಾಯಿತು. ಇದಕ್ಕೊಂದು ಹೆಸರೂ ಇದೆಯಂತೆ, ಆರ್ಥೋಸೋಮ್ನಿಯಾ. ಒಳ್ಳೆ ನಿದ್ದೆಯ ಅಂಕಿ ಬೆನ್ನತ್ತಿ ಇರೋ ನಿದ್ದೆಯನ್ನೂ ಕಳಕೊಳ್ಳೋರಿಗೆ 2017ರಲ್ಲಿ ಅಮೆರಿಕದ ಸಂಶೋಧಕರು ಇಟ್ಟ ಹೆಸರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೂ ಮಾರ್ಕ್ಸ್ ಕಾರ್ಡ್ ನಮ್ಮನ್ನ ಬಿಡಲ್ಲ ನೋಡಿ.

ನಿದ್ದೆ ಇಲ್ಲದ್ದು ಬರೀ ಸುಸ್ತು ಅಂದುಕೊಂಡಿದ್ದೆ. ಅಲ್ಲ. ಮೊದಲು ಹೋಗಿದ್ದು ತಾಳ್ಮೆ. ಆಮೇಲೆ ಮರೆವು. ಒಂದು ಮಧ್ಯಾಹ್ನ ಟೆಸ್ಟಿಂಗ್ ಸರ್ವರ್ ಅಂದುಕೊಂಡು ಲೈವ್ ಸರ್ವರ್ ಮೇಲೆ ಡಿಲೀಟ್ ಸ್ಕ್ರಿಪ್ಟ್ ಓಡಿಸಿದೆ, ಬ್ಯಾಕಪ್ ಇತ್ತು, ಬದುಕಿದೆ. ಹೊರ ವರ್ತುಲ ರಸ್ತೆಯಲ್ಲಿ ಬೈಕ್ ಓಡಿಸುವಾಗ ಸಿಗ್ನಲ್ ಹಸಿರಾಗಿದ್ದು ಕಾಣದೆ ನಿಂತೇ ಇದ್ದೆ, ಹಿಂದಿನವರು ಬೈದಾಗಲೇ ಗೊತ್ತಾಗಿದ್ದು. ಇನ್ನೊಂದು ರಾತ್ರಿ ಮೊಸರಿನ ಪ್ಯಾಕೆಟ್ ಕೈಜಾರಿ ಒಡೆದು ಅಡುಗೆಮನೆ ತುಂಬಾ ಚೆಲ್ಲಿತು. ಅದನ್ನ ಒರೆಸೋಕೆ ಕೂತವನು ಅಲ್ಲೇ ಕೂತು ಅತ್ತುಬಿಟ್ಟೆ. ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಹೋಗ್ಲಿ ಬಿಡು, ಬೇರೆ ತರಬಹುದು" ಅಂತಿದ್ದಾಳೆ. ನಾಲ್ಕು ವರ್ಷದ ಕೂಸು. ಆಮೇಲೆ ಕೆಲವು ದಿನ ಯಾವುದೂ ಬೇಡ ಅನ್ನಿಸ್ತಿತ್ತು. ಸಾಯಬೇಕು ಅಂತಲ್ಲ. ಆದರೆ ಬೆಳಗಾಗದೇ ಇದ್ರೆ ಒಳ್ಳೇದಿತ್ತು ಅಂತ ಅನ್ನಿಸೋದು. ಅದೂ ಇದೂ ಅಷ್ಟೇನೂ ದೂರ ಇಲ್ಲ ಅಂತ ಆಮೇಲೆ ತಿಳೀತು.

ಒಬ್ಬ ಸಹೋದ್ಯೋಗಿ ತನ್ನ ಬ್ಯಾಗಿನಿಂದ ಆಲ್ಪ್ರಾಜೋಲಾಮ್ ಸ್ಟ್ರಿಪ್ ತೆಗೆದು ಎರಡು ಮಾತ್ರೆ ಹರಿದು ಕೊಟ್ಟ, ಚೂಯಿಂಗ್ ಗಮ್ ಕೊಟ್ಟ ಹಾಗೆ. ಅದು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧ, ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದಿಡಬೇಕಾದ ಔಷಧ. ಮಾತ್ರೆಯಿಂದ ನಿದ್ದೆ ಬಂತು. ಮೂರು ವಾರದಲ್ಲಿ ಮಾತ್ರೆ ಇಲ್ಲದೆ ಬರೋದು ಪೂರ್ತಿ ನಿಂತಿತು. ಆಗ ಹೆಂಡತಿ ಗದರಿಸಿ ಡಾಕ್ಟರ ಹತ್ರ ಕರಕೊಂಡು ಹೋದಳು.

ಇಲ್ಲಿ ನಾನೊಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಬರದೆ, ಅದು ಮೂರು ತಿಂಗಳು ಮುಂದುವರಿದರೆ ಡಾಕ್ಟರುಗಳು ಅದನ್ನ ದೀರ್ಘಕಾಲದ ನಿದ್ರಾಹೀನತೆ ಅಂತಾರೆ. ಅದಕ್ಕೆ ಮೊದಲ ಮದ್ದು ಮಾತ್ರೆ ಅಲ್ಲ. ಅಮೆರಿಕದ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ, ವಯಸ್ಕರಿಗೆ ಮೊದಲು ಕೊಡಬೇಕಾದ್ದು ಸಿಬಿಟಿ-ಐ ಅಂತ. ಮಾತು, ಲೆಕ್ಕ, ಅಭ್ಯಾಸ ಬದಲಾವಣೆ ಸೇರಿದ ಚಿಕಿತ್ಸೆ ಅದು. ಲ್ಯಾವೆಂಡರ್ ಎಣ್ಣೆಗೂ ಇದಕ್ಕೂ ಸಂಬಂಧ ಇಲ್ಲ.

ನಮ್ಮ ಸೈಕಾಲಜಿಸ್ಟ್ ಮೊದಲು ಎರಡು ವಾರ ನಿದ್ದೆ ಡೈರಿ ಬರೆಸಿದ್ರು, ವಾಚ್ ತೆಗೆದಿಡಿಸಿದ್ರು. ಲೆಕ್ಕ ನೋಡಿದರೆ ಹಾಸಿಗೆಯಲ್ಲಿ ಎಂಟೂವರೆ ಗಂಟೆ ಇರ್ತಿದ್ದೆ, ನಿದ್ದೆ ಐದು. ಹಾಗಾದ್ರೆ ಹಾಸಿಗೆಯಲ್ಲಿ ಇರೋದೇ ಐದೂವರೆ ಗಂಟೆ ಅಂದ್ರು. ರಾತ್ರಿ 1ಕ್ಕೆ ಮಲಗು, ಆರೂವರೆಗೆ ಏಳು, ಭಾನುವಾರವೂ. ನಿದ್ದೆ ಬರದೆ ಇಪ್ಪತ್ತು ನಿಮಿಷ ಆದಂಗನ್ನಿಸಿದರೆ ಎದ್ದು ಹಾಲಿಗೆ ಹೋಗಿ ಕೂತ್ಕೋ, ಗಡಿಯಾರ ನೋಡಬೇಡ, ಕಣ್ಣು ಎಳೆದಾಗ ವಾಪಸ್ ಬಾ. ಹಗಲು ಮಲಗಬೇಡ. ಹಾಸಿಗೆ ಅಂದ್ರೆ ಒದ್ದಾಟ ಅಂತ ಕಲಿತಿರೋ ಮೈಗೆ, ಹಾಸಿಗೆ ಅಂದ್ರೆ ನಿದ್ದೆ ಅಂತ ಮತ್ತೆ ಕಲಿಸೋದು. ನಿದ್ದೆ ಇಲ್ಲದವನಿಗೆ ಕಡಿಮೆ ಮಲಗು ಅನ್ನೋದು ಕೇಳೋಕೆ ತಮಾಷೆ. ಎರಡನೇ ವಾರ ನರಕ. ಐದನೇ ವಾರದ ಹೊತ್ತಿಗೆ ಮಲಗಿದ ಹತ್ತು ನಿಮಿಷಕ್ಕೆ ನಿದ್ದೆ ಬರೋಕೆ ಶುರುವಾಯಿತು. ಮಾತ್ರೆಯನ್ನ ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದ್ರು. (ಇದನ್ನ ಓದಿ ನೀವೇ ಮನೆಯಲ್ಲಿ ಶುರು ಮಾಡಬೇಡಿ. ಬೈಪೋಲಾರ್, ಮೂರ್ಛೆ ರೋಗ ಇರೋರಿಗೆ, ಗಾಡಿ ಓಡಿಸೋ ಕೆಲಸದವರಿಗೆ ನಿದ್ದೆ ಕಡಿತ ಅಪಾಯ. ತಿಳಿದವರ ಕೈಯಲ್ಲಿ ಮಾಡಿಸಿಕೊಳ್ಳಿ.)

ಆರನೇ ವಾರ ನನ್ನ ಆನ್‌ಕಾಲ್ ಸರದಿ ಬಂತು. ಐದು ವಾರದ ದುಡಿಮೆ ನಾಲ್ಕು ರಾತ್ರಿಯಲ್ಲಿ ಹೊಳೆಗೆ ಹೋಯಿತು. ಮಾರನೇ ಭೇಟಿಯಲ್ಲಿ ಅವರು ಡೈರಿ ನೋಡಿ ಕೇಳಿದ್ರು, "ಈ ಆನ್‌ಕಾಲ್ ತಪ್ಪಿಸಿಕೊಳ್ಳೋಕೆ ಆಗಲ್ವಾ?" ಆಗಲ್ಲ ಮೇಡಂ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾವಿಬ್ರೂ ತೂತು ಟ್ಯಾಂಕಿಗೆ ನೀರು ಬಿಡ್ತಾ ಇದ್ದೀವಿ" ಅಂದ್ರು.

ತೂತು ಟ್ಯಾಂಕ್ ಅಂದಾಗ ನನಗೆ ನಮ್ಮೂರು ನೆನಪಾಯಿತು.

ನಮ್ಮದು ತಿಪಟೂರಿನ ಕಡೆ ಹಳ್ಳಿ, ಒಂದೂವರೆ ಎಕರೆ ತೆಂಗು, ಒಂದು ಬೋರ್‌ವೆಲ್. ಆಫೀಸಿನಲ್ಲಿ ನಿದ್ದೆ ಬರಲ್ಲ ಅಂತ ಹೇಳಿಕೊಂಡಾಗೆಲ್ಲ ಯಾರಾದ್ರೂ ಒಬ್ಬರು, "ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಾ ಗುರು, ಹಳ್ಳಿಯಲ್ಲಿ ಎಂಥಾ ನಿದ್ದೆ" ಅಂತಾರೆ. ಇವರ್ಯಾರೂ ಹಳ್ಳಿಯಲ್ಲಿ ಬೇಸಿಗೆಯಲ್ಲಿ ಮಲಗಿದವರಲ್ಲ. ನಾನು ಚಿಕ್ಕವನಿದ್ದಾಗಿನಿಂದ ನಮ್ಮಪ್ಪ ರಾತ್ರಿ ಒಂದೂವರೆಗೋ ಎರಡಕ್ಕೋ ಏಳೋದು ನೋಡಿದ್ದೀನಿ. ಯಾಕೆ? ತ್ರೀ ಫೇಸ್ ಬಂದಿರುತ್ತೆ. ಮನೆ ಲೈಟಿಗೆ ಸಿಂಗಲ್ ಫೇಸ್ ಸಾಕು, ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬೇಕು. ಅದನ್ನ ದಿನಕ್ಕೆ ಇಂತಿಷ್ಟು ಗಂಟೆ ಅಂತ ಪಾಳಿಯಲ್ಲಿ ಬಿಡ್ತಾರೆ, ಒಂದು ವಾರ ಹಗಲು ಪಾಳಿ ಆದ್ರೆ ಮುಂದಿನ ವಾರ ರಾತ್ರಿ ಪಾಳಿ. ಟಾರ್ಚ್, ಒಂದು ಕೋಲು, ಕಾಲಿಗೆ ಹರಿದ ಬೂಟು. ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಿ, ಒಂದು ಸಾಲು ತುಂಬೋವರೆಗೂ ಕೂತಿದ್ದು, ವಾಲ್ವ್ ತಿರುಗಿಸಿ ಇನ್ನೊಂದು ಸಾಲಿಗೆ ಬಿಟ್ಟು, ಮಧ್ಯೆ ಕರೆಂಟ್ ಹೋದ್ರೆ ಮತ್ತೆ ಬರೋವರೆಗೂ ಕಾದು. ಆಮೇಲೆ ಆಟೋ ಸ್ಟಾರ್ಟರ್ ಬಂತು, ಆಮೇಲೆ ಮೊಬೈಲ್ ಸ್ಟಾರ್ಟರ್ ಬಂತು, ಕರೆಂಟ್ ಬಂದ ತಕ್ಷಣ ಅಪ್ಪನ ಫೋನಿಗೆ ರಿಂಗ್ ಆಗುತ್ತೆ. ಅಂದ್ರೆ ನಮ್ಮಪ್ಪನೂ ಆನ್‌ಕಾಲೇ. ಆದರೆ ವಾಲ್ವ್ ತಿರುಗಿಸೋಕೆ ಮನುಷ್ಯನೇ ಹೋಗಬೇಕು.

ಹೋದ ಯುಗಾದಿಗೆ ಊರಲ್ಲಿದ್ದೆ. ಎಂದಿನಂತೆ 2:40ಕ್ಕೆ ಎಚ್ಚರವಾಗಿ ಜಗಲಿ ಮೇಲೆ ಕೂತಿದ್ದೆ. ಅಪ್ಪ ತೋಟದಿಂದ ಬಂದ್ರು, ಪಂಚೆ ಮೊಣಕಾಲವರೆಗೆ ಒದ್ದೆ.

"ಯಾಕಪ್ಪಾ, ಮಲಗಿಲ್ವಾ?"

"ನಿದ್ದೆ ಬರಲ್ಲ ಅಪ್ಪ. ನನಗೇನೋ ಆಗಿದೆ."

ಅಪ್ಪ ಕಾಲು ತೊಳಕೊಂಡು ಬಂದು ಪಕ್ಕ ಕೂತ್ರು. "ನನ್ನ ನಿದ್ದೆ ಕರೆಂಟಿನೋರು ಕೆಡಿಸಿದ್ರು. ನಿಂದು ಯಾರು ಕೆಡಿಸಿದ್ರು?"

ನನಗೆ ಉತ್ತರ ಗೊತ್ತಿತ್ತು, ಆದ್ರೆ ಮೂರು ವರ್ಷದಲ್ಲಿ ಆ ಪ್ರಶ್ನೆಯನ್ನ ನನಗೆ ಯಾರೂ ಕೇಳಿರಲಿಲ್ಲ. ವಾಚು, ಆ್ಯಪು, ವೆಬಿನಾರು ಎಲ್ಲ ಕೇಳಿದ್ದು ನೀನೇನು ತಪ್ಪು ಮಾಡ್ತಿದ್ದೀಯ ಅಂತ. ನಮ್ಮ ಭಾಷೆಯಲ್ಲೇ ನೋಡಿ, ನಿದ್ದೆ ಕೆಡುತ್ತೆ, ನಿದ್ದೆ ಕೆಡಿಸ್ತಾರೆ. ಕೆಡಿಸಿದವರು ಯಾರೋ ಇರ್ತಾರೆ: ಸೊಳ್ಳೆ, ಸಾಲ, ಅತ್ತೆ, ಅಳೋ ಮಗು, ನಾಯಿ. ನಾವು ಬೆಂಗಳೂರಿಗೆ ಬಂದು ಇನ್ಸೋಮ್ನಿಯಾ ಅನ್ನೋ ಪದ ಕಲಿತ್ವಿ. ಆ ಪದದಲ್ಲಿ ಕೆಡಿಸಿದವರು ಮಾಯ. ಇರೋದು ರೋಗ, ರೋಗಿ ಇಬ್ಬರೇ.

ರೈತರು ಏನು ಮಾಡಿದ್ರು ಅಂತಲೂ ಹೇಳ್ತೀನಿ. ರಾತ್ರಿ ಕರೆಂಟ್ ಬೇಡ, ಹಗಲು ಕೊಡಿ ಅಂತ ವರ್ಷಗಟ್ಟಲೆ ಸಬ್‌ಸ್ಟೇಷನ್ ಮುಂದೆ ಕೂತ್ರು. ದಿನಕ್ಕೆ 7 ಗಂಟೆ ಅಂತಿದ್ದ ತ್ರೀ ಫೇಸ್ 2023ರ ಬರಗಾಲದಲ್ಲಿ 5 ಗಂಟೆಗೆ ಇಳಿದಾಗ ರಾಜ್ಯದ ನಾನಾ ಕಡೆ ಬೀದಿಗಿಳಿದ್ರು, ಮತ್ತೆ 7 ಗಂಟೆ ಮಾಡಿಸಿಕೊಂಡ್ರು. ರಾತ್ರಿ ಹೊತ್ತು ಹಾವಿದೆ, ಕರಡಿ ಚಿರತೆ ಇದೆ, ನಮಗೂ ಮೈ ಇದೆ ಅಂತ ಹೇಳಿದ್ರು. ಹಗಲು ಪಟ್ಟಣಕ್ಕೆ, ಕಾರ್ಖಾನೆಗೆ ಬೇಡಿಕೆ ಜಾಸ್ತಿ, ರಾತ್ರಿ ಉಳಿದದ್ದು ಪಂಪ್‌ಸೆಟ್ಟಿಗೆ ಅನ್ನೋದೇ ಹಳೇ ಲೆಕ್ಕ. ಈಗ ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ಪಂಪ್‌ಸೆಟ್ ಫೀಡರ್‌ಗಳಿಗೇ ಸೋಲಾರ್ ಜೋಡಿಸೋ ಕುಸುಮ್-ಸಿ ಯೋಜನೆ ಇದೆ, ಹಗಲು ಕರೆಂಟ್ ಕೊಡೋಕೆ ಆಗುತ್ತೆ ಅಂತ ಆಯಿತು. ನಮ್ಮೂರಿಗೆ ಇನ್ನೂ ಪೂರ್ತಿ ಬಂದಿಲ್ಲ, ಅದು ಬೇರೆ ಮಾತು. ಆದ್ರೆ ಒಬ್ಬ ರೈತನೂ ತ್ರೀ ಫೇಸ್ ರಾತ್ರಿ ಬರ್ತಿರೋದಕ್ಕೆ ಪ್ರಾಣಾಯಾಮ ಮಾಡಲಿಲ್ಲ.

ನಾವು? ಬಿಇ ಓದಿದ ನಾವು ಆ್ಯಪ್ ಇಳಿಸಿಕೊಂಡ್ವಿ. ಅಪ್ಪನ ರಾತ್ರಿ ಬೆಂಗಳೂರಿನ ಹಗಲಿಗೆ ಹೋಯಿತು, ನನ್ನ ರಾತ್ರಿ ಕ್ಯಾಲಿಫೋರ್ನಿಯಾದ ಹಗಲಿಗೆ ಹೋಯಿತು. ಅಪ್ಪನಿಗೆ ಅದು ಗೊತ್ತು. ನಾನು ವರ್ಷಕ್ಕೆ ಇಷ್ಟು ಅಂತ ಚಂದಾ ಕಟ್ಟಿ ಮಳೆ ಸದ್ದು ಕೇಳ್ತಾ ಮಲಗಿದ್ದೆ.

ಈಗ ನೀವು ಹೇಳೋದು ನನಗೆ ಗೊತ್ತು. ಸಂಬಳ ಎಷ್ಟು ಬರುತ್ತೆ ನೋಡು, ಕಷ್ಟ ಆದ್ರೆ ಬಿಡು, ಯಾರು ಹಿಡಕೊಂಡಿದ್ದಾರೆ ಅಂತ. ಸಂಬಳ ಚೆನ್ನಾಗಿದೆ, ಒಪ್ಪಿದೆ. ಆ ಸಂಬಳ ನಂಬಿ ಮಾಡಿದ ಇಪ್ಪತ್ತು ವರ್ಷದ ಹೋಮ್ ಲೋನ್ ಇದೆ, ತಂಗಿ ಮದುವೆ ಸಾಲ ಇದೆ. ಹಿಡಕೊಂಡಿರೋದು ಅದೇ. ಇನ್ನು ಕೆಲವರು ನರ್ಸ್‌ಗಳು, ಪೊಲೀಸರು, ಲಾರಿ ಡ್ರೈವರ್‌ಗಳು ರಾತ್ರಿ ಕೆಲಸ ಮಾಡಲ್ವಾ ಅಂತಾರೆ. ಮಾಡ್ತಾರೆ, ಅವರ ಆರೋಗ್ಯವೂ ಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ರಾತ್ರಿ ಪಾಳಿಯನ್ನ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಅನ್ನೋ ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಇಟ್ಟಿತು. ಆದರೆ ನರ್ಸಮ್ಮನ ಎದುರಿಗೆ ಒಬ್ಬ ರೋಗಿ ಇರ್ತಾನೆ. 2:40ಕ್ಕೆ ನನ್ನ ಎದುರಿಗೆ ಏನಿತ್ತು?

ಇದನ್ನೇ ಒಂದು ದಿನ ಕೂತು ಎಣಿಸಿದೆ. ಅಪ್ಪನ ಪ್ರಶ್ನೆ ಕೇಳಿ ಬಂದ ಮೇಲೆ. ಮೂರು ತಿಂಗಳ ಲಾಗ್ ತೆಗೆದೆ. ಇಡೀ ಟೀಮಿಗೆ ರಾತ್ರಿ 11ರಿಂದ ಬೆಳಿಗ್ಗೆ 6ರ ಒಳಗೆ ಬಂದ ಅಲರ್ಟ್ 118. ಅದರಲ್ಲಿ ಗ್ರಾಹಕರಿಗೆ ನಿಜವಾಗಿ ತೊಂದರೆ ಆಗಿದ್ದು, ಆಗಲೇ ಎದ್ದು ಏನಾದ್ರೂ ಮಾಡಬೇಕಿದ್ದು ಎಷ್ಟು ಗೊತ್ತಾ? 7. ಉಳಿದದ್ದು ಡಿಸ್ಕ್ 80 ಪರ್ಸೆಂಟ್ ತುಂಬಿದೆ, ಜಾಬ್ ಐದು ನಿಮಿಷ ತಡ ಆಗಿದೆ, ಯಾವುದೋ ಸರ್ವೀಸ್ ಒಂದು ಸಲ ಎಡವಿ ತಾನೇ ಎದ್ದಿದೆ, ಇಂಥವು. ಆರು ವರ್ಷದ ಹಿಂದೆ ಯಾರೋ ಒಂದು ಮಿತಿ ಹಾಕಿ ಹೋಗಿದ್ದಾರೆ, ಅವರು ಕಂಪನಿಯಲ್ಲೂ ಇಲ್ಲ. 111 ಸಲ ನಮ್ಮಲ್ಲಿ ಯಾರನ್ನೋ ಸುಮ್ಮಸುಮ್ಮನೆ ಎಬ್ಬಿಸಿದೆ. ಅದಕ್ಕೆ ನಾನು ಮಾತ್ರೆ ನುಂಗಿದ್ದೀನಿ.

ಪಟ್ಟಿ ಮಾಡಿ ಮ್ಯಾನೇಜರ್‌ಗೆ ತೋರಿಸಿದೆ. ನನಗೆ ನಿದ್ದೆ ಬರಲ್ಲ ಅಂದಾಗ ಅವರು ಯೋಗ ಮಾಡು ಅಂದಿದ್ರು. ಪಟ್ಟಿ ನೋಡಿ ಸುಮ್ಮನಾದ್ರು. ಇಬ್ಬರು ಸೇರಿ ಎರಡು ವಾರ ಕೆಲಸ ಮಾಡಿ ಮಿತಿಗಳನ್ನ ಬದಲಾಯಿಸಿದ್ವಿ, ತಕ್ಷಣ ಎದ್ದು ಮಾಡುವಂಥದ್ದು ಏನೂ ಇಲ್ಲದ ಅಲರ್ಟ್‌ಗಳೆಲ್ಲ ಬೆಳಿಗ್ಗೆ ಒಂಬತ್ತರ ಕ್ಯೂಗೆ ಹೋಗೋ ಹಾಗೆ ಮಾಡಿದ್ವಿ. ಮುಂದಿನ ಮೂರು ತಿಂಗಳಲ್ಲಿ ರಾತ್ರಿ ಬಂದಿದ್ದು 12. ಮೂರು ವರ್ಷ ನನ್ನ ಮನಸ್ಸಿಗೇ ಏನೋ ಆಗಿದೆ ಅಂದುಕೊಂಡಿದ್ದೆ. ಅದರ ಮುಕ್ಕಾಲು ಪಾಲು ಒಂದು ಕಾನ್ಫಿಗ್ ಫೈಲಿನಲ್ಲಿತ್ತು.

ಉಳಿದ ಕಾಲು ಪಾಲು ನನ್ನದೇ, ಅದನ್ನ ಮುಚ್ಚಿಡಲ್ಲ. ಮೀಟಿಂಗ್ ಮುಗಿದು ಹನ್ನೊಂದು ಗಂಟೆಗೆ ಮಲಗಬಹುದಿತ್ತು, ಒಂದರವರೆಗೂ ರೀಲ್ಸ್ ನೋಡ್ತಿದ್ದೆ. ದಿನವೆಲ್ಲ ಬೇರೆಯವರಿಗೆ ಕೊಟ್ಟಿದ್ದೀನಿ, ಇದೊಂದು ಗಂಟೆ ನಂದು ಅನ್ನೋ ಹಟ. ಸಿಬಿಟಿ-ಐ ಅಲ್ಲಿ ಕೆಲಸಕ್ಕೆ ಬಂತು, ಈಗಲೂ ಬರುತ್ತೆ. ಚಿಕಿತ್ಸೆ ಬೇಡ ಅಂತ ನಾನು ಹೇಳ್ತಾ ಇಲ್ಲ. ಚಿಕಿತ್ಸೆಯನ್ನ ತೂತು ಮುಚ್ಚದೇ ಇರೋಕೆ ನೆಪ ಮಾಡಬೇಡಿ ಅಂತ ಹೇಳ್ತಿದ್ದೀನಿ.

ಇನ್ನೂ ಒಂದು ಪಾಲು ನನ್ನದಿದೆ, ಅದು ಹೇಳೋಕೆ ಕಷ್ಟ. ನಾನು ಲೀಡ್ ಆದ ಹೊಸದರಲ್ಲಿ ನಮ್ಮ ಟೀಮಿನ ಒಬ್ಬ ಹುಡುಗ ಬೆಳಗಿನ ಜಾವ ಮೂರೂವರೆಗೆ ಎದ್ದು ಒಂದು ತೊಂದರೆ ಸರಿಮಾಡಿದ. ಅವನ ಆನ್‌ಕಾಲ್ ಕೂಡ ಆಗಿರಲಿಲ್ಲ. ಬೆಳಿಗ್ಗೆ ನಾನು ಗ್ರೂಪಿನಲ್ಲಿ ಅವನ ಹೆಸರು ಹಾಕಿ, ಓನರ್‌ಶಿಪ್ ಅಂದ್ರೆ ಇದು ಅಂತ ಬರೆದೆ, ಮೂರು ರಾಕೆಟ್ ಚಿತ್ರ ಹಾಕಿದೆ. ನಲವತ್ತು ಜನ ಚಪ್ಪಾಳೆ ಒತ್ತಿದ್ರು. ಒಂದು ವರ್ಷ ಆಗೋದರೊಳಗೆ ಅವನು ಬೇರೆ ಕೆಲಸ ಇಲ್ಲದೇ ರಾಜೀನಾಮೆ ಕೊಟ್ಟ. ಕೊನೆಯ ದಿನ ಊಟಕ್ಕೆ ಹೋಗಿದ್ವಿ. "ಅಣ್ಣಾ, ಆವತ್ತು ನೀವು ಹಾಗೆ ಹೊಗಳಿದ ಮೇಲೆ ಫೋನ್ ಸೈಲೆಂಟ್ ಇಡೋಕೆ ಮನಸ್ಸೇ ಬರಲಿಲ್ಲ" ಅಂದ. ಬೈಯೋ ಧಾಟಿಯಲ್ಲಿ ಅಲ್ಲ, ಸುಮ್ಮನೆ ಹೇಳಿದ. ಈಗ ಊರಲ್ಲಿದ್ದಾನೆ, ಚಿಕಿತ್ಸೆ ತಗೊಳ್ತಿದ್ದಾನೆ, ನಿಧಾನವಾಗಿ ಸುಧಾರಿಸ್ತಿದ್ದಾನೆ. ಅವನ ನಿದ್ದೆ ಕೆಡಿಸಿದವರು ಯಾರು ಅಂತ ಅವನ ಅಪ್ಪ ಕೇಳಿದ್ರೆ, ಆ ಪಟ್ಟಿಯಲ್ಲಿ ನನ್ನ ಹೆಸರಿದೆ.

ಆದ್ದರಿಂದ ಇದು ಬರೀ ಕೆಟ್ಟ ಮ್ಯಾನೇಜರ್, ಒಳ್ಳೆ ಮ್ಯಾನೇಜರ್ ಕಥೆ ಅಲ್ಲ. ನನ್ನಂಥ ಒಳ್ಳೇವರೇ ಇದನ್ನ ಓಡಿಸ್ತಿರೋದು. ಅದಕ್ಕೇ ನಿಯಮ ಬೇಕು ಅನ್ನೋದು. ಮ್ಯೂನಿಕ್‌ನಲ್ಲಿ ನಮ್ಮ ಟೀಮಿನ ಇಬ್ಬರಿದ್ದಾರೆ. ಯುರೋಪಿನ ಕಾನೂನು ಪ್ರಕಾರ ಇಪ್ಪತ್ತನಾಲ್ಕು ಗಂಟೆಯಲ್ಲಿ ಸತತ 11 ಗಂಟೆ ವಿಶ್ರಾಂತಿ ಸಿಗಲೇಬೇಕು. ರಾತ್ರಿ ಮೂರಕ್ಕೆ ಅವರನ್ನ ಎಬ್ಬಿಸಿ ಕೆಲಸ ಮಾಡಿಸಿದ್ರೆ ಮಾರನೇ ದಿನ ಮಧ್ಯಾಹ್ನದ ಮೇಲೆಯೇ ಲಾಗಿನ್ ಆಗ್ತಾರೆ. ಅವರೇನು ಸೋಮಾರಿಗಳಲ್ಲ, ನಮ್ಮಷ್ಟೇ ಕೋಡ್ ಬರೀತಾರೆ. ಅದೇ ಕಂಪನಿ, ಅದೇ ಸರ್ವರ್, ಅದೇ ಅಲರ್ಟ್. ನಾನು ಮೂರಕ್ಕೆ ಎದ್ದ ದಿನವೂ ಹತ್ತಕ್ಕೆ ಡೆಸ್ಕಿನಲ್ಲಿರ್ತೀನಿ. ಕೇಳಿದ್ರೆ ಇಲ್ಲಿ ಹಾಗೆ ಕಾನೂನಿಲ್ಲ ಅಂತಾರೆ.

ನಿಜ, ಇಲ್ಲಿ ಹಾಗೆ ಕಾನೂನಿಲ್ಲ. ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಅದರಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನೋ ಮಿತಿ ಇದೆ. ನಮ್ಮಲ್ಲಿ ಅದನ್ನ ಓದಿದವರು ಯಾರಿದ್ದಾರೆ? 2023ರ ಅಕ್ಟೋಬರ್‌ನಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ನಾವೆಲ್ಲ ಮೀಮ್ ಮಾಡಿ ನಕ್ಕು ಮಲಗಿದ್ವಿ, ಅಂದ್ರೆ ಮಲಗಲಿಲ್ಲ. 2024ರ ಜುಲೈನಲ್ಲಿ ಐಟಿಯವರನ್ನ ದಿನಕ್ಕೆ 14 ಗಂಟೆವರೆಗೂ ದುಡಿಸೋಕೆ ದಾರಿ ಮಾಡುವ ತಿದ್ದುಪಡಿಯ ಪ್ರಸ್ತಾಪ ರಾಜ್ಯದಲ್ಲಿ ಬಂದಾಗ ಬೀದಿಗೆ ಬಂದಿದ್ದು ಐಟಿ ನೌಕರರ ಸಂಘ ಕಿಟು. ನಮ್ಮ ಫ್ಲೋರಿನಲ್ಲಿ ನೂರೈವತ್ತು ಜನ ಇದ್ದೀವಿ, ಆ ಸಂಘದ ಸದಸ್ಯರು ಎಷ್ಟು ಅಂತ ವಿಚಾರಿಸಿದೆ. ಒಬ್ಬರೂ ಸಿಗಲಿಲ್ಲ. ನಾನೂ ಆಗಿರಲಿಲ್ಲ. ಯೂನಿಯನ್ ಅಂದ್ರೆ ಫ್ಯಾಕ್ಟರಿಯವರದು ಅಂತ ಒಂದು ಗತ್ತು ನಮಗೆ. ಆಫೀಸ್ ಸಮಯ ಮುಗಿದ ಮೇಲೆ ಕರೆ, ಮೇಲ್‌ಗೆ ಉತ್ತರಿಸದೇ ಇರೋ ಹಕ್ಕು ಫ್ರಾನ್ಸಿನಲ್ಲಿ 2017ರಿಂದ ಇದೆ, ಆಸ್ಟ್ರೇಲಿಯಾದಲ್ಲಿ 2024ರಿಂದ ಇದೆ. ನಮ್ಮ ಲೋಕಸಭೆಯಲ್ಲಿ 2018ರಲ್ಲೇ ಸುಪ್ರಿಯಾ ಸುಳೆ ಇಂಥದ್ದೊಂದು ಖಾಸಗಿ ಮಸೂದೆ ಮಂಡಿಸಿದ್ರು. ಅದು ಕಾನೂನಾಗಲಿಲ್ಲ. ಕೇಳೋರು ಸಬ್‌ಸ್ಟೇಷನ್ ಮುಂದೆ ಕೂತಿರಲಿಲ್ಲ.

ಇದೆಲ್ಲ ಆಗೋವರೆಗೂ ಇವತ್ತು ರಾತ್ರಿ ಏನು ಮಾಡೋದು ಅಂತ ಕೇಳೋರಿಗೆ: ಬೆಳಗಾಗದಿದ್ರೆ ಒಳ್ಳೇದು ಅನ್ನಿಸ್ತಿದ್ರೆ ಲೇಖನ ಓದ್ತಾ ಕೂರಬೇಡಿ. 14416 ಟೆಲಿ ಮನಸ್, ಯಾವ ಹೊತ್ತಲ್ಲಾದ್ರೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ, ಕಂಪನಿಗೆ ಗೊತ್ತಾಗಲ್ಲ. ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಯ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು, ನಿಮ್ಮ ಪಾಲಿಸಿ ತೆಗೆದು ನೋಡಿ. ಗೆಳೆಯನ ಬ್ಯಾಗಿನ ಮಾತ್ರೆ ಬೇಡ. ಮತ್ತೆ ನೀವು ಲೀಡ್ ಆಗಿದ್ರೆ ನಿಮ್ಮ ಟೀಮಿನ ರಾತ್ರಿಯ ಅಲರ್ಟ್ ಪಟ್ಟಿ ತೆಗೆದು ಎಣಿಸಿ. ನೂರಕ್ಕೆ ಎಷ್ಟು ನಿಜದ್ದು ಅಂತ ನನಗೂ ಬರೆಯಿರಿ.

ನನ್ನ ಸ್ಥಿತಿ ಹೇಳೋದಾದ್ರೆ, ವಾರಕ್ಕೊಂದು ರಾತ್ರಿ ಇನ್ನೂ 2:40ಕ್ಕೆ ಎಚ್ಚರ ಆಗುತ್ತೆ. ಈಗ ಎದ್ದು ಹಾಲಿಗೆ ಹೋಗ್ತೀನಿ, ಗಾಬರಿಯಾಗಲ್ಲ. ಅಪ್ಪನಿಗೆ ರಾತ್ರಿ ಪಾಳಿ ಇರೋ ವಾರ ಆದ್ರೆ ಫೋನ್ ಮಾಡ್ತೀನಿ, ಅವರು ತೋಟದಲ್ಲಿರ್ತಾರೆ, ಹಿಂದೆ ನೀರಿನ ಸದ್ದು ಕೇಳುತ್ತೆ.

ಆಫೀಸಿನಲ್ಲಿ ಹೊಸ ಕ್ಲೈಂಟ್ ಬರ್ತಿದ್ದಾರೆ, ಮತ್ತೆ ರಾತ್ರಿ ಆನ್‌ಕಾಲ್ ಜಾಸ್ತಿ ಮಾಡಬೇಕು ಅಂತ ಮಾತು ಶುರುವಾಗಿದೆ. ಮ್ಯೂನಿಕ್‌ನವರಿಗೆ ಇರೋ 11 ಗಂಟೆ ವಿಶ್ರಾಂತಿ ನಮಗೂ ಬರಹದಲ್ಲಿ ಬೇಕು ಅಂತ ಆರು ಜನ ಸಹಿ ಮಾಡಿ ಮೇಲ್ ಹಾಕಿದ್ದೀವಿ. ಕಿಟು ಸದಸ್ಯತ್ವದ ಫಾರಂ ಕೂಡ ತುಂಬಿದ್ದೀನಿ. ಮೇಲ್ ಬಗ್ಗೆ ಮಾತಾಡೋಕೆ ಬರೋ ಗುರುವಾರ ಕರೆದಿದ್ದಾರೆ. ಎಷ್ಟು ಹೊತ್ತಿಗೆ ಅಂತ ಕೇಳಿದೆ, ರಾತ್ರಿ ಒಂಬತ್ತೂವರೆ ಅಂದ್ರು. ಹಗಲು ಇಡಿ ಅಂತ ವಾಪಸ್ ಬರೆದಿದ್ದೀನಿ.